ಅತ್ತಿಗೆಯ ರಾಗಿ ಮಾಲ್ಟ್

ಮಾಸ್ತಿಯಿಂದ ಮಾಲೂರಿಗೆ ಹೊರಟ ಬಸ್ಸಿನಲ್ಲಿ ರಾಗಿ ಮಾಲ್ಟ್ ಕುಡಿಯಲೆಂದು ಬಾಟಲಿಯ ಮುಚ್ಚಳ ತೆಗೆದಿದ್ದ ಸಹನಳ ಕಿವಿಗಳು, ಮುಂದಿನ ಸೀಟಿನ ಅತ್ತಿಗೆ-ನಾದಿನಿಯರ ಮಾತಿಗೆ ನಿಮಿರಿದವು.

“ಕ್ಯಾನ್ಸರ್ ಅಂತ ಒಂದು ಕಡೆ ಎದೆ ತೆಗೆದ್ಮೇಲೆ ವಾಲ್ಕೊಂಡು ನಡೀತಿದ್ರಿ ಅತ್ತಿಗೆ. ಈಗ ನೆಟ್ಟಗಿದ್ದೀರಲ್ಲ!”

“ಆಸ್ಪತ್ರೇಲಿ ಸಿಲಿಕೋನ್ ಎದೆ ಕೊಟ್ರು ಕಣೇ ಶ್ಯಾಮಲಾ. ಬ್ರಾ ಒಳಗಿಟ್ಕೊಂಡಿರೋದೇ ಮರ್ತೋಗತ್ತೆ.”

“ಅಲ್ಲೀವರೆಗೂ?”

“ಬಟ್ಟೆ ಚೀಲದಲ್ಲಿ ರಾಗಿ ತುಂಬಿ ಇಟ್ಕೊತಿದ್ದೆ. ತೂಕ ಸರಿಹೋಗಿತ್ತು.”

“ಮತ್ಯಾಕೆ ಬಿಟ್ರಿ?”

“ಟೊಮೇಟೊ ಕೀಳೋವಾಗ ಬೆವರಿಗೆ ನೆನೆದು ಮೊಳಕೆ ಬಂತಲ್ಲೇ!”

“ಅಯ್ಯೋ ದೇವುಡಾ! ಚೆಲ್ಲಿದ್ರಾ?”

“ರಾಗೀನ ಯಾರಾದ್ರೂ ಚೆಲ್ತಾರಾ? ಒಣಗಿಸಿ, ಮಿಲ್ಲಿಗೆ ಹಾಕ್ಸಿ ಮಾಲ್ಟ್ ಮಾಡ್ದೆ.”

“ಅದನ್ನ ಯಾರು ಕುಡಿದ್ರು?”

“ಬೆಳಿಗ್ಗೆ ಎರಡು ಲೋಟ ಕುಡಿದು, ಘಮಘಮ ಅಂತೈತೆ ಅಂದೋಳು ಯಾರೇ?”

ಮಾಲೂರಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುದ್ದಿಕೊಂಡು ನಗುತ್ತ ಇಳಿದರು. ಸಹನ ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿದಳು.