ಸಾವಂತ್ರೆವ್ವ ತುಂಬಿದ ಉಡಿ

ಒಂದೂರಲ್ಲಿ ಹತ್ತಿ ವ್ಯಾಪಾರದ ಸಾಹುಕಾರನೊಬ್ಬ ಇದ್ದ. ದೊಡ್ಡ ದಾನಿ ಅಂತ ಹೆಸರು. ನೋಡಿ, ಅವನ ಹೆಂಡತಿ ಸಾವಂತ್ರೆವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಯಿತು. ದವಾಖಾನೆಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ವಾಸಿಯಾಯಿತು ಅಂದುಕೊಂಡರು. ಮತ್ತೆ ಅದೇ ಜಾಗದಲ್ಲಿ ಬಂತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಗರ್ಭಕೋಶ, ಮೂತ್ರಕೋಶ, ಗುದನಾಳ ಎಲ್ಲಾ ತೆಗೀಬೇಕು. ಹೊಟ್ಟೆ ಮೇಲೆ ಎರಡು ಚೀಲ ಬರ್ತವೆ, ಮೂತ್ರಕ್ಕೊಂದು, ಮಲಕ್ಕೊಂದು. ಬದುಕೋಕೆ ಇರೋ ದಾರಿ ಇದೊಂದೇ.”

ಸಾಹುಕಾರ ಏನು ಕೇಳಿದ? ಹೆಂಡತಿ ಬದುಕುತ್ತಾಳಾ ಅಂತ ಕೇಳಿದನೇ? ಇಲ್ಲ! “ಇಷ್ಟೆಲ್ಲಾ ತಗದ್ರ ಹೆಣ್ಣಂತ ಏನ್ ಉಳೀತದ್ರಿ ಸಾಹೇಬ್ರ?” ಅಂದ.

ಸಾವಂತ್ರೆವ್ವನ ಮೈಯೆಲ್ಲ ಉರಿಯಿತು. “ನಾ ಉಳೀತೀನಲ್ಲ! ಡಾಕ್ಟ್ರ, ಸಹಿ ಎಲ್ಲಿ ಮಾಡ್ಲಿ?”

ಉಳಿದಳು. ಮೊದಲು ತನ್ನ ಹೊಟ್ಟೆಯನ್ನು ತಾನೇ ನೋಡಲಾರದೆ ಗೋಡೆಯ ಕಡೆ ಹೊರಳಿ ಅತ್ತಳು. ಆಮೇಲೆ ಚೀಲ ಬದಲಿಸುವುದನ್ನು ಕಲಿತಳು. ಮನೆಗೆ ಬಂದರೆ ತಾಟು ಬೇರೆ, ಹಾಸಿಗೆ ಹಿತ್ತಲ ಕೋಣೆಯಲ್ಲಿ. ಯಾಕೆ? ಕ್ಯಾನ್ಸರೇನು ತಾಟಿನಿಂದ ಹತ್ತುತ್ತದೆಯೇ?

ಸಾವಂತ್ರೆವ್ವನ ಮಗಳು ಬಸುರಿಯಾದಳು. ಕುಬಸದ, ಅಂದರೆ ಸೀಮಂತದ ದಿನ ಮುತ್ತೈದೆಯರು ಅಕ್ಕಿ, ಕೊಬ್ಬರಿ ಹಿಡಿದು ಉಡಿ ತುಂಬುತ್ತಿದ್ದರು. ಸಾವಂತ್ರೆವ್ವನೂ ಬಂದಳು. ಅವಳ ಅತ್ತೆ, ಸಾಹುಕಾರನ ತಾಯಿ, ಬಾಗಿಲಿಗೆ ಅಡ್ಡ ನಿಂತಳು.

“ನೀ ಬರಬ್ಯಾಡವಾ. ನಿನ್ನ ಹೊಟ್ಯಾಗ ಗರ್ಭಾನೇ ಇಲ್ಲ, ಮ್ಯಾಲ ಆ ಚೀಲ ಬ್ಯಾರೆ. ಬಸುರಿಗೆ ಮೈಲಿಗಿ ಆಗ್ತದ.”

“ಅತ್ತೀ, ಇಕಿನ್ನ ಹೊತ್ತದ್ದು ಇದೇ ಹೊಟ್ಟಿ. ಸರೀರಿ!”

ಬೊಗಸೆ ತುಂಬ ಅಕ್ಕಿ ಎತ್ತಿಕೊಂಡಳು. ಸಿಟ್ಟಿನ ಭರದಲ್ಲಿ ಮಗಳ ಉಡಿಗೆ ಸುರಿದಳು, ಅರ್ಧ ನೆಲಕ್ಕೆ ಬಿತ್ತು. ಮಗಳು ಸೆರಗನ್ನು ಇನ್ನೂ ಅಗಲ ಮಾಡಿ ಒಡ್ಡಿದಳು. ಬಂದ ಹೆಂಗಸರು ಊಟಕ್ಕೂ ಕೂಡದೆ ಎದ್ದು ಹೋದರು. ಸಾಹುಕಾರ “ತಪ್ಪಾತ್ರಿ, ತಪ್ಪಾತ್ರಿ” ಅಂತ ಕೈಮುಗಿಯುತ್ತಾ ಅವರ ಹಿಂದೆ ಓಡಿದ. ತಾಯಿ, ಮಗಳು ಇಬ್ಬರೇ ಕೂತು ಹೋಳಿಗೆ ಉಂಡರು.

ತಪ್ಪು ಯಾರದು? ಹೇಳಿ! ಯಾಕೆ ತಲೆ ತಗ್ಗಿಸುತ್ತೀರಿ? ಆ ಎದ್ದು ಹೋದವರು ಯಾವುದೋ ಪರದೇಶದವರು ಅಂದುಕೊಂಡಿರಾ? ಹೆಣ್ಣೆಂದರೆ ಒಂದು ಅಂಗವೇ? ಒಂದು ಅಂಗವೇ? ಇಲ್ಲಿ ಮಠಕ್ಕೆ ಬಂದು ನನಗೆ ‘ಶರಣು ಶರಣಾರ್ಥಿ’ ಅನ್ನುವುದು, ಮನೆಯಲ್ಲಿ ಕಾಯಿಲೆಯವಳನ್ನು ಕಂಡರೆ ಮೂಗು ಮುಚ್ಚಿಕೊಳ್ಳುವುದು! ಇಂಥ ಭಕ್ತಿ ಯಾವ ದೇವರಿಗೆ ಬೇಕು?

ಹೋಗಿ, ಆಕೆಯ ಪಕ್ಕದಲ್ಲಿ ಕೂತು ಆಕೆ ಬಡಿಸಿದ್ದನ್ನು ಉಣ್ಣಿ. ಚೀಲ ಬದಲಿಸುವಾಗ ನೀರು ಹಿಡಿದು ನಿಲ್ಲಿ. ಗಂಡಸರೇ, ನಿಮಗೇ ಹೇಳುತ್ತಿರುವುದು! ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದರೆ ನಾಚಿ ಮುಚ್ಚಿಡಬೇಡಿ ಅವ್ವಂದಿರೇ, ನಾಳೆಯೇ ದವಾಖಾನೆಗೆ ಹೋಗಿ. ಇಷ್ಟು ಮಾಡದವರು ನನ್ನ ಪಾದ ಮುಟ್ಟಲು ಬರಬೇಡಿ.