ಗುಲಾಬಿ ಅಕ್ಕ ಕಲಿಸಿದ ಬಿಲ್ಲು

ಅಲ್ಲ, ಆ ಫೋಟೋದಲ್ಲಿ ಬಿಲ್ಲು ಹಿಡಿದು ನಿಂತದ್ದು ನಾನೇ, ಅದು ಸರಿ, ಆದ್ರೆ ಅದರ ಕೆಳಗೆ ಪೇಪರಿನವರು ಬರೆದದ್ದು ಉಂಟಲ್ಲ, ಅದು ಸುಳ್ಳು. ಪೇಪರಿನವರ ಸುಳ್ಳಲ್ಲ, ನಾನು ಹೇಳಿದ ಸುಳ್ಳು. ಕೂತ್ಕೊಳ್ಳಿ ಮಕ್ಕಳೇ, ಹೇಳ್ತೇನೆ. ನಮ್ಮ ಮನೆಯದ್ದು ಕೊಂಕಣಿ, ನಿಮ್ಮದು ತುಳು, ಕನ್ನಡದಲ್ಲೇ ಹೇಳಿದ್ರೆ ಇಬ್ಬರಿಗೂ ಅರ್ಥ ಆಗ್ತದೆ. ನನಗೆ ಆಗ ಇಪ್ಪತ್ತೆರಡು, ಅಲ್ಲ ಇಪ್ಪತ್ತಮೂರು. ಶಿರ್ವದಿಂದ ಸ್ವಲ್ಪ ಒಳಗೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಅಂತ ಸೇರಿದ್ದು. ಖಾಯಂ ಅಲ್ಲ. ಹೆಡ್‌ಮಾಸ್ಟರು ಮುಖಕ್ಕೇ ಹೇಳಿದ್ರು, ಒಂದು ವರ್ಷ ನೋಡುವ, ಮಕ್ಕಳು ಎಲ್ಲಾದ್ರೂ ಗೆದ್ದು ಬಂದ್ರೆ ಖಾಯಂಗೆ ಬರೆಯುವ, ಇಲ್ಲದಿದ್ರೆ ಬೇರೆಯವರನ್ನು ಹುಡುಕ್ಬೇಕಾಗ್ತದೆ ಅಂತ. ಮನೆಯಲ್ಲಿ ಅಪ್ಪ ಅಕ್ಕಿ ಮಿಲ್ಲಿನಲ್ಲಿ ದುಡಿದು ದುಡಿದು ತೌಡಿನ ಧೂಳು ಕುಡಿದು ದಮ್ಮು ಹಿಡಿಸಿಕೊಂಡು ಮಲಗಿದ್ರು. ಕೆಳಗೆ ಎರಡು ತಂಗಿಯರು. ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ, ನಡುವೆ ಎಂತದೂ ಇಲ್ಲ. ಇದ್ದದ್ದು ಒಂದೇ ಜೋಡಿ ಕ್ಯಾನ್ವಾಸ್ ಶೂ, ಅದಕ್ಕೆ ಹಚ್ಚುವ ಬಿಳಿ ಪಾಲಿಶ್ ತೆಗೆದುಕೊಳ್ಳಲಿಕ್ಕೆ ಆಗದೆ ಕ್ಲಾಸಿನಲ್ಲಿ ಬಿದ್ದ ಚಾಕ್ ತುಂಡು ಹೆಕ್ಕಿ ನೀರಲ್ಲಿ ಅರೆದು ಹಚ್ಚುತ್ತಿದ್ದೆ. ಬಿಸಿಲಲ್ಲಿ ಓಡಿದ್ರೆ ಬಿಳಿ ಧೂಳು ಹಾರ್ತದೆ, ಮಕ್ಕಳು ನಗ್ತಿದ್ರು. ನೀವು ನಗಬೇಡಿ. ಆಯ್ತು, ನಗಿ.

ಆ ವರ್ಷ ಉಡುಪಿಯ ಕ್ರೀಡಾಕೂಟದಲ್ಲಿ ಹುಡುಗಿಯರಿಗೆ ಮರದ ಬಿಲ್ಲಿನ ಸ್ಪರ್ಧೆ ಇಟ್ಟಿದ್ರು. ಹೆಡ್‌ಮಾಸ್ಟರು ಲೆಕ್ಕ ಹಾಕಿದ್ರು, ಕಬಡ್ಡಿಗೆ ಎಲ್ಲಾ ಶಾಲೆಯವರು ಬರ್ತಾರೆ, ಇದಕ್ಕೆ ನಾಲ್ಕು ಶಾಲೆ ಬಂದ್ರೆ ಹೆಚ್ಚು, ನಮ್ಮವರನ್ನು ಕಳಿಸು ಅಂತ. ಕಳಿಸು ಅಂದ್ರೆ ಬಿಲ್ಲು ಬೇಕಲ್ವಾ? ಶಾಲೆಯಲ್ಲಿ ಇದ್ದದ್ದು ಎರಡು ಚೆಂಡು, ಒಂದು ಹಗ್ಗ. ನಾನು ಅಂಗಳದ ಕಟ್ಟೆಯಲ್ಲಿ ತಲೆಗೆ ಕೈಕೊಟ್ಟು ಕೂತಿದ್ದೆ. ಆಗ ಗುಲಾಬಿ ಅಕ್ಕ ಬಂದದ್ದು. ಅವರು ಶಾಲೆಯ ಆಯಾ. ಗುಡಿಸುವುದು, ನೀರು ಸೇದುವುದು, ಕಕ್ಕಸು ತೊಳೆಯುವುದು, ಎಲ್ಲ ಅವರೇ. ನಲ್ವತ್ತು ದಾಟಿತ್ತು ಆಗ. ಕಾರ್ಕಳದಿಂದ ಆಚೆ ಘಟ್ಟದ ಬುಡದವರು, ಅವರ ಅಪ್ಪ ಗದ್ದೆಗೆ ಬರುವ ಹಂದಿ ಕಾಯ್ತಿದ್ದವರು, ಬಿಲ್ಲು ಕಟ್ಟುವವರು, ಗಂಡು ಮಕ್ಕಳಿಲ್ಲ ಅಂತ ಮಗಳಿಗೇ ಕಲಿಸಿದ್ರು. ಪೊರಕೆ ಕೈಯಲ್ಲೇ ಇತ್ತು, ಹತ್ತಿರ ಬಂದು, "ಬೈನೆ ಮರ ಒಂದು ಸಿಕ್ಕಿದ್ರೆ ನಾನು ಮಾಡಿಕೊಡ್ತೇನೆ ಮಗಾ. ಅಲ್ಲ, ನೀನೇ ಕಲಿ" ಅಂದ್ರು.

ಹಾಗೆ ಶುರುವಾದದ್ದು. ಶಾಲೆ ಬಿಟ್ಟ ಮೇಲೆ ಸೌದೆ ಕೊಟ್ಟಿಗೆಯ ಹಿಂದೆ. ಹಿಂದೆ ಯಾಕೆ ಅಂದ್ರೆ, ಆಯಾನ ಹತ್ತಿರ ಟೀಚರ್ ಪಾಠ ಕಲಿಯುವುದನ್ನು ಯಾರೂ ನೋಡಬಾರದು ಅಂತ ನನಗೆ. ಕೊಟ್ಟಿಗೆಯ ಹಿಂದೆ ಅವರು ನನಗೆ ಗುಲಾಬಿ ಅಕ್ಕ, ಸ್ಟಾಫ್ ರೂಮಿನಲ್ಲಿ ಬರೀ ಗುಲಾಬಿ. ನನ್ನ ಬುದ್ಧಿ ನೋಡಿ. ಬೈನೆ ಮರದ ಸಿಪ್ಪೆಯ ಒಳಗೆ ಕಪ್ಪು ಗಟ್ಟಿ ಪದರ ಇರ್ತದೆ, ಒಳಗೆ ಹೋದ ಹಾಗೆ ಮೆತ್ತಗೆ. ಆ ಗಟ್ಟಿ ಪದರವನ್ನೇ ಉದ್ದಕ್ಕೆ ಸೀಳಬೇಕು, ಸೀಳಿ ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಹಾಗೆ ಒಣಗಿಸಬೇಕು, ಅವಸರ ಮಾಡಬಾರದು. ಹೆರೆಯುವುದು ಒಳಮೈ ಮಾತ್ರ, ಹೊರಮೈಗೆ ಕತ್ತಿ ತಾಗಿಸಬಾರದು, ಯಾಕಂದ್ರೆ ಬಗ್ಗಿಸಿದಾಗ ಅದೇ ತಡೆದು ಹಿಡಿಯುವುದು. ಮೊದಲು ಕತ್ತಿಯಿಂದ, ಮತ್ತೆ ಒಡೆದ ಗಾಜಿನ ತುಂಡಿನಿಂದ. ಗೂಟಕ್ಕೆ ಸಿಕ್ಕಿಸಿ ಹಗ್ಗ ಎಳೆದು ದೂರ ನಿಂತು ನೋಡ್ಬೇಕು, ಎರಡೂ ತೋಳು ಸಮ ಬಗ್ತದಾ ಅಂತ. ನನಗೆ ಸಮ ಅಂತ ಕಾಣ್ತಿತ್ತು, ಅವರಿಗೆ ಅಲ್ಲ. ಬಲಗಡೆ ಸ್ವಲ್ಪ ಹಠ ಮಾಡ್ತದೆ, ಅಲ್ಲಿ ಹೆರೆ, ಅಂತಿದ್ರು. ಮತ್ತೆ ಕತ್ತಾಳೆ ನಾರು ಹೊಸೆದು ಹೆದೆ, ಓಟೆ ಬಿದಿರಿನ ಬಾಣ, ಅದಕ್ಕೆ ಕೋಳಿಯ ಗರಿ. ಬಿಡ್ಲಿಕ್ಕೂ ಅವರೇ ಕಲಿಸಿದ್ದು. ನಾನು ಕೈಯ ಬಲದಲ್ಲಿ ಎಳೆದು ಎಳೆದು ಹೆದೆ ಬಡಿದು ಮುಂಗೈಯೆಲ್ಲ ನೀಲಿ. ಕೈಯಿಂದ ಎಳೀಬೇಡ, ಬೆನ್ನಿಂದ ಎಳಿ, ಬಾವಿಯಿಂದ ನೀರು ಸೇದಿದ ಹಾಗೆ, ಅಂದ್ರು. ಆವತ್ತಿನಿಂದ ನನ್ನ ಬಾಣ ನೆಟ್ಟಗೆ ಹೋದದ್ದು. ನಾನು ಕಲಿತದ್ದನ್ನು ಮಾರನೇ ದಿನ ಹುಡುಗಿಯರಿಗೆ ಕಲಿಸುವುದು, ನನ್ನದೇ ವಿದ್ಯೆಯ ಹಾಗೆ. ಅವರು ಆಚೆ ಅಂಗಳ ಗುಡಿಸ್ತಾ ಕೇಳ್ತಿದ್ರು, ಒಂದು ದಿನವೂ ಅದು ನಾನು ಕಲಿಸಿದ್ದು ಅಂತ ಹೇಳ್ಲಿಲ್ಲ. ಒಂದೊಂದು ಸಲ ಅವರ ಬುತ್ತಿಯಿಂದ ಅರ್ಧ ರೊಟ್ಟಿ ನನಗೆ ಕೊಡ್ತಿದ್ರು, ಹಸಿದವಳ ಮುಖ ಗೊತ್ತಾಗ್ತದೆ ನೋಡಿ. ತಿಂದಿದ್ದೇನೆ ನಾನು. ಅವರ ಜೊತೆ ಕೂತು ಅಲ್ಲ, ಕೊಟ್ಟಿಗೆಯ ಒಳಗೆ ಹೋಗಿ, ಬೇಗ ಬೇಗ.

ಉಡುಪಿಗೆ ಹೋದದ್ದು ನಾಲ್ಕು ಹುಡುಗಿಯರು, ನಾನು, ಮತ್ತೆ ಬಿಲ್ಲಿನ ಕಟ್ಟು ಹೊತ್ತುಕೊಂಡು ಗುಲಾಬಿ ಅಕ್ಕ. ಹೋಗುವಾಗ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟು. ಅವರು ಒಳ್ಳೆ ಸೀರೆ ಉಟ್ಟಿದ್ರು, ಹಸಿರು ಬಣ್ಣದ್ದು, ಜಡೆಗೆ ಅಬ್ಬಲಿಗೆ ಹೂ ಮುಡಿದಿದ್ರು. ನಮ್ಮ ಹುಡುಗಿಯರು ಗೆದ್ರು ಮಾರಾಯ್ರೇ, ಮೊದಲ ಸ್ಥಾನವೂ ನಮ್ಮದು, ಎರಡನೆಯದೂ ನಮ್ಮದು. ಬಹುಮಾನ ಕೊಡ್ಲಿಕ್ಕೆ ಬಂದ ದೊಡ್ಡ ಮನುಷ್ಯರು ಬಿಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು, ಇಷ್ಟು ಒಳ್ಳೆ ಕೆಲಸ, ಯಾರು ಕಲಿಸಿದ್ದು ಟೀಚರ್ ಅಂತ ಕೇಳಿದ್ರು. ಪೇಪರಿನವರು ಬರ್ಕೊಳ್ಳಲಿಕ್ಕೆ ನಿಂತಿದ್ದಾರೆ. ಹೆಡ್‌ಮಾಸ್ಟರು ಪಕ್ಕದಲ್ಲಿ ನಗ್ತಾ ನಿಂತಿದ್ದಾರೆ. ಗುಲಾಬಿ ಅಕ್ಕ ನನ್ನ ಬೆನ್ನಿಗೆ, ಎರಡು ಹೆಜ್ಜೆ ಹಿಂದೆ. ನಾನು ಹೇಳಿದೆ, "ನನ್ನ ಅಪ್ಪನಿಂದ ಕಲಿತೆ ಸರ್." ಅಪ್ಪನಿಂದ. ಜೀವಮಾನದಲ್ಲಿ ಒಂದು ಕವಣೆ ಕಲ್ಲು ಬೀಸದವರು ನನ್ನ ಅಪ್ಪ. ಪೇಪರಿನವರು ಫೋಟೋದ ಕೆಳಗೆ ಬರೆದದ್ದು ಅದನ್ನೇ. ಅಷ್ಟಕ್ಕೇ ನಿಲ್ಲಲಿಲ್ಲ. ಆ ದೊಡ್ಡ ಮನುಷ್ಯರು ಗುಲಾಬಿ ಅಕ್ಕನ ಕಡೆ ನೋಡಿ ಇವರು ಯಾರು ಅಂತ ಕೇಳಿದ್ರು. ಅದು ಎರಡನೇ ಅವಕಾಶ, ದೇವರು ಕೊಟ್ಟದ್ದು. ನಾನು ಎಂತ ಹೇಳಿದೆ ಗೊತ್ತುಂಟಾ? "ಅವಳು ಶಾಲೆಯ ಆಯಾ ಸರ್, ಮಕ್ಕಳಿಗೆ ನೀರು ಕೊಡ್ಲಿಕ್ಕೆ ಬಂದದ್ದು." ಅವಳು ಅಂದೆ. ಅವರು ಅಂತಲೂ ಬಾಯಿಗೆ ಬರಲಿಲ್ಲ. ಬೈಬಲಿನಲ್ಲಿ ಪೇತ್ರ ತನ್ನ ಗುರು ಯೇಸುವನ್ನೇ ನಾನರಿಯೆ ಅಂತ ಹೇಳಿದ್ದನ್ನು ಇಗರ್ಜಿಯಲ್ಲಿ ವರ್ಷ ವರ್ಷ ಕೇಳಿ, ಎಂಥ ಮನುಷ್ಯ ಇವ ಅಂತ ನಾನು ಗ್ರಹಿಸುತ್ತಿದ್ದೆ.

ಬರುವಾಗ ನನ್ನ ಪಕ್ಕದ ಸೀಟು ಖಾಲಿ ಇತ್ತು. ಗುಲಾಬಿ ಅಕ್ಕ ಹಿಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತೇ ಬಂದ್ರು. ಮಾರನೇ ದಿನ ಎಂದಿನ ಹಾಗೆ ಗುಡಿಸಿದ್ರು, ನೀರು ಸೇದಿದ್ರು, ಒಂದು ಮಾತು ಬೈಲಿಲ್ಲ. ಆದ್ರೆ ನಾನು ಎದುರು ಸಿಕ್ಕಿದಾಗ ಸೆರಗು ಎಳೆದುಕೊಂಡು ಬದಿಗೆ ಸರಿದು, "ನಮಸ್ಕಾರ ಟೀಚರ್" ಅಂದ್ರು. ಅಲ್ಲಿಂದ ಮೇಲೆ ಮಗಾ ಅಂತ ಕರೆದದ್ದೇ ಇಲ್ಲ. ನನ್ನ ಕೆಲಸ ಖಾಯಂ ಆಯ್ತು, ಹೊಸ ಶೂ ಬಂತು. ಮುಂದಿನ ವರ್ಷ ಬಿಲ್ಲು ಸಾಕಾಗ್ಲಿಲ್ಲ, ಅವರನ್ನು ಕೇಳ್ಲಿಕ್ಕೆ ಮುಖ ಇಲ್ಲ, ನಾನೇ ಮಾಡಿದೆ, ಸರಿ ಒಣಗದ ಮರದಲ್ಲಿ, ಅವಸರದಲ್ಲಿ. ಶಾರದಾ ಅಂತ ಒಬ್ಬ ಹುಡುಗಿ, ಎಂಟನೇ ಕ್ಲಾಸ್, ಎಳೆಯುವಾಗ ಬಿಲ್ಲು ಮುರಿದು ಸೀಳು ಹಾರಿ ಕಣ್ಣಿನ ಕೆಳಗೆ ಕೊಯ್ದಿತು. ಒಂದು ಬೆರಳು ಮೇಲೆ ಹೋಗಿದ್ರೆ ಕಣ್ಣೇ ಇಲ್ಲ. ನಾನು ಮರಗಟ್ಟಿ ನಿಂತಿದ್ದೆ, ಗುಲಾಬಿ ಅಕ್ಕ ಓಡಿ ಬಂದು ಸೆರಗಲ್ಲಿ ಒತ್ತಿ ಹಿಡಿದ್ರು. ರಕ್ತ ನಿಂತ ಮೇಲೆ ಮುರಿದ ತುಂಡು ಎತ್ತಿ ನೋಡಿ, ಹೊರಮೈ ಹೆರೆದಿದ್ದೀರಿ ಟೀಚರ್ ಅಂತ ಮೆಲ್ಲಗೆ ಹೇಳಿ ಕೆಳಗಿಟ್ರು. ಆಮೇಲೆ ಮಕ್ಕಳಿಗೆ ಬೇಕಾದ ಬಿಲ್ಲು ಅವರೇ ಮಾಡಿ ತಂದು ಕೊಟ್ಟಿಗೆಯಲ್ಲಿ ಇಡ್ತಿದ್ರು, ಅವರು ಶಾಲೆಯ ಕೆಲಸ ಬಿಡುವವರೆಗೂ. ನನಗೋಸ್ಕರ ಅಲ್ಲ, ಮಕ್ಕಳ ಕಣ್ಣಿಗೋಸ್ಕರ.

ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಹೇಳಿದೆ. ಅವರು, ನನ್ನ ಹತ್ತಿರ ಹೇಳಿದ್ದು ಆಯ್ತು, ಈಗ ಅವರ ಹತ್ತಿರ ಹೋಗು ಅಂದ್ರು. ಹೋಗ್ತೇನೆ ಅಂದೆ. ನಾಳೆ ನಾಳೆ ಅಂತ ನಾನು ದಿನ ದೂಡಿದೆ, ಅಷ್ಟರಲ್ಲಿ ಗುಲಾಬಿ ಅಕ್ಕ ಕೆಲಸ ಬಿಟ್ಟು ಕಾರ್ಕಳದ ಕಡೆ ಮಗಳ ಮನೆಗೆ ಹೋದ್ರು. ಬೆಳ್ಮಣ್ ದಾಟಿದ್ರೆ ಕಾರ್ಕಳ ಎಷ್ಟು ದೂರ ಹೇಳಿ, ಗಂಟೆಗೆ ಎಷ್ಟು ಬಸ್ಸು ಉಂಟು. ನಾನು ಹತ್ತಲಿಲ್ಲ. ಮದುವೆ, ಮಕ್ಕಳು, ಅದು ಇದು ಅಂತ ನೆಪ. ಹೋದ ವರ್ಷ ನಾನು ರಿಟೈರ್ ಆದಾಗ ಶಾಲೆಯಲ್ಲಿ ಶಾಲು ಹೊದಿಸಿದ್ರು, ಬಿಲ್ಲುಗಾರಿಕೆ ತಂದ ಟೀಚರ್ ಅಂತ ಮೈಕಿನಲ್ಲಿ ಹೊಗಳಿದ್ರು. ಆಗ ನನಗೆ ತಡೀಲಿಕ್ಕೆ ಆಗ್ಲಿಲ್ಲ. ಎದ್ದು ನಿಂತು ಎಲ್ಲ ಹೇಳಿದೆ, ಕೊಟ್ಟಿಗೆ, ರೊಟ್ಟಿ, ಉಡುಪಿಯಲ್ಲಿ ಹೇಳಿದ್ದು, ಎಲ್ಲ. ಕೆಲವರು ಕಣ್ಣು ಒರೆಸಿಕೊಂಡ್ರು, ಚಪ್ಪಾಳೆ ತಟ್ಟಿದ್ರು, ಎಷ್ಟು ದೊಡ್ಡ ಮನಸ್ಸು ಅಂತ ಪುನಃ ನನ್ನನ್ನೇ ಹೊಗಳಿದ್ರು. ನನಗೂ ಎಂತದೋ ಹಗುರ ಆದ ಹಾಗೆ ಆಯ್ತು, ಸುಳ್ಳು ಹೇಳ್ಬಾರದು.

ಮರುದಿನ ಬಸ್ಸು ಹತ್ತಿ ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದೆ ಅವರಿಗೆ, ಕಣ್ಣು ಮಂಜು, ಚಾವಡಿಯಲ್ಲಿ ಕೂತು ಕೈ ತಡವಿ ತಡವಿ ತೆಂಗಿನ ಗರಿಯ ಕಡ್ಡಿ ಬಿಡಿಸ್ತಿದ್ರು. ಸ್ವರದಲ್ಲೇ ಗುರ್ತು ಹಿಡಿದ್ರು, ಮಗಳಿಗೆ ಚಾ ಮಾಡ್ಲಿಕ್ಕೆ ಹೇಳಿದ್ರು. ನಾನು ಕಾಲ ಬುಡದಲ್ಲಿ ಕೂತು ಹೇಳಿದೆ, ನಾನು ತಪ್ಪು ಮಾಡಿದೆ ಗುಲಾಬಿ ಅಕ್ಕ, ನಿನ್ನೆ ಎಲ್ಲರ ಎದುರು ನಿಮ್ಮ ಹೆಸರು ಹೇಳಿ ಬಂದೆ ಅಂತ. ಅವರು ಕಡ್ಡಿ ಬಿಡಿಸುವುದು ನಿಲ್ಲಿಸಿದ್ರು. ಸಿಟ್ಟಿಲ್ಲ ಸ್ವರದಲ್ಲಿ, ಅದೇ ನನಗೆ ತಡೀಲಿಕ್ಕೆ ಆಗದ್ದು.

"ಆವತ್ತು ನಾನು ಅಲ್ಲೇ ಇದ್ದೆ ಟೀಚರ್. ನಿನ್ನೆ ಹೇಳಿದ್ದು ಯಾರಿಗೆ?"

ಅಷ್ಟೇ. ಚಾ ಬಂತು, ಕುಡಿದೆ, ಬಂದೆ. ಕ್ಷಮಿಸಿದ್ರಾ ಅಂತ ಕೇಳಬೇಡಿ, ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಯಾರಿಂದ ಎಂತ ಕಲಿತ್ರೂ ಮಕ್ಕಳೇ, ಅಡಿಗೆ ಆಗ್ಲಿ, ಸೈಕಲ್ ಆಗ್ಲಿ, ಅವರು ಹತ್ತಿರ ಇರುವಾಗಲೇ ಅವರ ಕಿವಿಗೆ ಬೀಳುವ ಹಾಗೆ ಹೇಳಿಬಿಡಿ. ಆಮೇಲೆ ಹೇಳಿದ್ದೆಲ್ಲ ನಮ್ಮ ಸಮಾಧಾನಕ್ಕೆ.