ಬೆಲ್ಲ ಹಾಕಿದ ಬ್ಯಾಳಿ

ನಿಜಾಮರ ಆಳ್ವಿಕೆಯ ಕಾಲ. ಕಲಬುರಗಿ ಸ್ಟೇಷನ್ನಿನ ಹತ್ತಿರ, ಪುಣೆ ಕಡೆಯವರ ಖಾನಾವಳಿಯಲ್ಲಿ ಚಂದ್ರಶಾ ಊಟದ ಪಾಳಿಗೆ ಕಾಯುತ್ತ ಗೋಡೆಗೆ ಒರಗಿ ನಿಂತಿದ್ದ. ಎದುರಿಗೆ ಮಣೆಗಳ ಮೇಲೆ ಇಬ್ಬರು ಉಣ್ಣುತ್ತಿದ್ದರು. ಹಿರಿಯರು ಕಮಲಾಪುರದಿಂದ ಅಳಿಯನನ್ನು ನೋಡಲು ಬಂದವರೆಂದು ಅವರ ಮಾತಿನಿಂದಲೇ ತಿಳಿಯಿತು.

“ಬ್ಯಾಳ್ಯಾಗ ಬೆಲ್ಲ ಹಾಕ್ಯಾರಲ್ಲೋ, ಕಾಶಿರಾಯ.”

“ಇಲ್ಲಿ ದಿನಾ ಹಾಕ್ತಾರ್ರೀ, ಮಾವ.”

“ಖಾರ ಇಲ್ಲ, ಜೋಳದ ರೊಟ್ಟಿ ಇಲ್ಲ. ಇದನ್ನ ಎಷ್ಟು ದಿನ ಉಣ್ತಿ?”

“ಗಿರಣಿ ಕೆಲಸ ಇರೋ ತನಕ ಉಣ್ಣೋದೇರಿ.”

“ನನ್ನ ಮಗಳು ಹೋಗಿ ವರ್ಷ ಆಯ್ತು. ಇನ್ನೊಂದು ಲಗ್ನ ಮಾಡ್ಕೊ. ಅದನ್ನ ಹೇಳಾಕಂತೇ ಬಂದೀನಿ. ನಿಮ್ಮತ್ತೀನೂ ಹೂಂ ಅಂದಾಳ.”

ಕಾಶಿರಾಯ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತ.

“ಮಗ್ಗಲ ಓಣ್ಯಾಗ ನಮ್ಮ ಕಡಿಯವರ ಖಾನಾವಳಿ ಅದಂತಲ್ಲ,” ಎಂದರು ಹಿರಿಯರು. “ಅಲ್ಲೀತನಕ ಅಲ್ಲಾರ ಉಣ್ಣು.”

“ಒಂದ್ ಸಲ ಹೋಗಿದ್ನಿರೀ. ಪುಂಡಿಪಲ್ಯ ಥೇಟ್ ಆಕಿ ಮಾಡಿದಂಗೇ ಇತ್ತು. ಎರಡನೇ ತುತ್ತು ಗಂಟಲದಾಗ ಇಳೀಲಿಲ್ಲ, ಎದ್ದು ಬಂದೆ. ಇಲ್ಲಿಂದು ಉಂಡ್ರ ಯಾರೂ ನೆನಪಾಗಂಗಿಲ್ರೀ.”

ಹಿರಿಯರು ಆ ಬೆಲ್ಲದ ಬ್ಯಾಳಿಯನ್ನೇ ಕಲಸಿ ಇನ್ನೊಂದು ತುತ್ತು ಉಂಡರು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು:

“ಹಂಗಾದ್ರ ಲಗ್ನದ ಮಾತು ಈಗ ಬ್ಯಾಡ. ಆ ಪಲ್ಯ ಪೂರಾ ಉಣ್ಣಾಕ ಆದ ದಿನ ನನಗ ಹೇಳಿ ಕಳಸು.”

ಇಬ್ಬರೂ ಕೈ ತೊಳೆದು ಗಿರಣಿಯ ದಾರಿ ಹಿಡಿದರು. ಹಿರಿಯರ ಕೈ ಅಳಿಯನ ಹೆಗಲ ಮೇಲಿತ್ತು. ಪಾಳಿ ಬಂದರೂ ಚಂದ್ರಶಾನಿಗೆ ತುಸು ಹೊತ್ತು ಆ ಮಣೆಯ ಮೇಲೆ ಕೂಡಲು ಮನಸ್ಸಾಗಲಿಲ್ಲ.